ವಲ್ಲಿಯ ಕೆಳಗಿನ ದರ

ನನ್ನ ಅಪ್ಪ ಬಳ್ಳಾರಿಯಲ್ಲಿ ಹತ್ತಿಯ ದಲ್ಲಾಳಿಯಾಗಿದ್ದ. ಆ ವ್ಯಾಪಾರದಲ್ಲಿ ದರವನ್ನು ಬಾಯಲ್ಲಿ ಹೇಳುವ ಪದ್ಧತಿ ಇರಲಿಲ್ಲ. ಹೆಗಲ ಮೇಲಿನ ವಲ್ಲಿಯನ್ನು ತೆಗೆದು ಇಬ್ಬರ ಕೈಗಳ ಮೇಲೆ ಹೊದಿಸಿ, ಅದರ ಕೆಳಗೆ ಬೆರಳು ಹಿಡಿದು ದರ ತಿಳಿಸಬೇಕು. ಒಂದು ಬೆರಳು ಹಿಡಿದರೆ ಒಂದು, ಎರಡು ಹಿಡಿದರೆ ಎರಡು, ಕೈಯನ್ನು ಪೂರ್ತಿ ಹಿಡಿದರೆ ಐದು. ಅದು ಹತ್ತರ ಲೆಕ್ಕವೋ ನೂರರ ಲೆಕ್ಕವೋ ಎಂಬುದನ್ನು ಮಾತ್ರ ಮೊದಲೇ ಬಾಯಲ್ಲಿ ಹೇಳಿಕೊಂಡಿರುತ್ತಾರೆ. ಕೊಳ್ಳುವವನಿಗೆ ಒಪ್ಪಿಗೆಯಾದರೆ ಹಿಡಿದ ಕೈಯನ್ನು ಒತ್ತುತ್ತಾನೆ, ಇಲ್ಲದಿದ್ದರೆ ಕೊಡವುತ್ತಾನೆ. ಕೊಡವಿದರೆ ಮಾರುವವನು ದರ ಇಳಿಸಬೇಕು. ಸುತ್ತ ಎಷ್ಟು ಜನ ನಿಂತಿದ್ದರೂ ಆ ದರ ಮೂರನೆಯವನಿಗೆ ತಿಳಿಯಬಾರದು. ಬಾಯಲ್ಲಿ ಬೇಕಾದರೆ ಸುಳ್ಳು ಹೇಳಬಹುದು, ಬೆರಳಲ್ಲಿ ಹೇಳಬಾರದು ಎನ್ನುವುದು ಅಪ್ಪನ ಕಟ್ಟಳೆ. ಅವನ ಕೈಗೆ ಹತ್ತಿ ಮಂಡಿಯಲ್ಲಿ ಬೆಲೆ ಇದ್ದದ್ದು ಅದಕ್ಕೇ.

ಇನ್ನೊಂದು ಅಭ್ಯಾಸವೂ ಅವನಿಗಿತ್ತು. ಮಾಲು ಎಲ್ಲಿಯದು, ಮಳೆಗೆ ಸಿಕ್ಕಿತ್ತೇ ಎಂದು ರೈತನನ್ನು ಎಂದೂ ಕೇಳುತ್ತಿರಲಿಲ್ಲ. ಚೀಲದಿಂದ ಒಂದು ಹಿಡಿ ಹತ್ತಿ ಎಳೆದು, ಎರಡು ಹೆಬ್ಬೆರಳುಗಳ ನಡುವೆ ಎಳೆ ಜಗ್ಗಿ ನೋಡಿ, ತಾನೇ ಹೇಳುತ್ತಿದ್ದ. ಕೇಳಿ ತಿಳಿದುಕೊಳ್ಳುವವನನ್ನು ಕಂಡರೆ ಅವನಿಗೆ ಅಸಡ್ಡೆ. ಈ ಅಸಡ್ಡೆಯನ್ನು ಮಂಡಿಯಲ್ಲೇ ಬಿಟ್ಟು ಬಂದಿದ್ದರೆ ನಮಗೆ ಏನೂ ತೊಂದರೆ ಇರಲಿಲ್ಲ. ವೈದ್ಯರ ಮುಂದೆಯೂ ಅದನ್ನೇ ಹೊತ್ತುಕೊಂಡು ಹೋದ. ಸುಮ್ಮನೆ ಕೈ ಚಾಚಿ ಕೂರುತ್ತಿದ್ದ. ನಾಡಿ ಹಿಡಿದು ರೋಗ ಇಂಥದ್ದು ಎಂದು ಹೇಳಿದವನು ವೈದ್ಯ, "ಏನಾಗ್ತೈತಿ?" ಎಂದು ಕೇಳಿದವನು ದಡ್ಡ.

ಬಳ್ಳಾರಿ ಆಗ ಇನ್ನೂ ಮದ್ರಾಸಿನ ಆಡಳಿತದಲ್ಲಿತ್ತು. ನಮ್ಮ ಮನೆ ಸತ್ಯನಾರಾಯಣಪೇಟೆಯಲ್ಲಿ. ನನಗೆ ಮದುವೆಯ ವಯಸ್ಸು, ಜೊತೆಗೆ ಮೂಗಿನ ತುದಿಯಲ್ಲೇ ಸಿಟ್ಟು. ಅಪ್ಪನಿಗೆ ಏನೋ ಆಗುತ್ತಿದೆ ಎಂದು ಮೊದಲು ಕಂಡುಹಿಡಿದವಳು ಅವ್ವ. ಅವಳು ಕಂಡದ್ದು ರೋಗವನ್ನಲ್ಲ, ರೊಟ್ಟಿಯನ್ನು. ಅಪ್ಪ ಒಂದು ರೊಟ್ಟಿ ಮುರಿದು, ಅರ್ಧ ತಿಂದು, ಹೊಟ್ಟೆ ತುಂಬಿತು ಎಂದು ಏಳತೊಡಗಿದ್ದ. ಅವ್ವ ಪಲ್ಯ ಬದಲಿಸಿದಳು, ಶೇಂಗಾಹಿಂಡಿ ಅರೆದಳು, ಕೊನೆಗೆ ನನ್ನ ರೊಟ್ಟಿ ದಪ್ಪವಾಗುತ್ತಿದೆ ಎಂದು ನನ್ನನ್ನೇ ಬೈದಳು. ಅಪ್ಪನ ಕೆನ್ನೆ ಒಳಗೆ ಹೋಗುತ್ತಿತ್ತು, ಹೊಟ್ಟೆ ಮಾತ್ರ ಮುಂದೆ ಬರುತ್ತಿತ್ತು. ಬೆಳಿಗ್ಗೆ ಅವನ ಹಾಸಿಗೆ ಹಿಂಡುವಷ್ಟು ಒದ್ದೆಯಾಗಿರುತ್ತಿತ್ತು. ಒಂದು ದಿನ ಧೋತ್ರ ಬಿಗಿಯುವಾಗ ಅವ್ವ ಅವನ ಎಡಗಡೆ ಪಕ್ಕೆಲುಬಿನ ಕೆಳಗೆ ಕೈಯಿಟ್ಟಳು. ಅಲ್ಲಿ ಗಟ್ಟಿಯಾದ ಒಂದು ಗಡ್ಡೆ ಇತ್ತು, ಅದಕ್ಕೆ ಅಂಚೂ ಇತ್ತು. ಅವ್ವ ಕೈ ತೆಗೆದು ಸೆರಗಿಗೆ ಒರೆಸಿಕೊಂಡಳು. ಯಾಕೆ ಒರೆಸಿಕೊಂಡಳೋ ನನಗೆ ತಿಳಿಯಲಿಲ್ಲ, ಆದರೆ ಅದನ್ನು ನೋಡಿ ಹೆದರಿದೆ.

ಅವ್ವನ ತವರು ಸಿರುಗುಪ್ಪ. ಹೊಳೆಯ ದಂಡೆಯ ಊರು, ಗದ್ದೆಯ ಊರು, ಮನೆಗೊಬ್ಬರಿಗೆ ಚಳಿಜ್ವರ ಬರುವ ಊರು. ಅಲ್ಲಿಯ ವೈದ್ಯರೊಬ್ಬರ ಬಳಿಗೆ ಅಪ್ಪನನ್ನು ಕರೆದುಕೊಂಡು ಹೋದೆವು. ಅಪ್ಪ ಕೈ ಚಾಚಿದ. ವೈದ್ಯರು ನಾಡಿ ಹಿಡಿದು ಕಣ್ಣು ಮುಚ್ಚಿಕೊಂಡು, ಅಪ್ಪ ಏನೂ ಹೇಳದಿದ್ದರೂ, "ಎಡಕ್ಕ ಗಡ್ಡಿ ಐತಿ. ಜ್ವರಗಡ್ಡಿ ಇದು. ನಮ್ಮ ತೆಲುಗು ಮಂದಿ ಇದಕ್ಕ ‘ಬಲ್ಲ’ ಅಂತಾರ" ಎಂದರು. ಆ ಹೊಟ್ಟೆಯನ್ನು ಬಾಗಿಲಲ್ಲಿ ನಿಂತೇ ನೋಡಬಹುದಿತ್ತು. ಆದರೆ ಅಪ್ಪನ ಮುಖ ಅರಳಿತು.

"ನೋಡಿದ್ಯಾ, ಕೇಳಲಿಲ್ಲ, ಹೇಳಿದ್ರು" ಎಂದ ಅವ್ವನಿಗೆ.

ಜ್ವರಗಡ್ಡೆಗೆ ಆ ಕಡೆ ಎಲ್ಲರೂ ಮಾಡುವ ಉಪಾಯ ಬರೆ. ಕಾದ ಕಬ್ಬಿಣದಿಂದ ಗಡ್ಡೆಯ ಮೇಲೆ ಮೂರು ಗೆರೆ ಎಳೆದರು. ಅಪ್ಪ ಹಲ್ಲು ಕಚ್ಚಿ ಕೂತಿದ್ದ. ಬರೆ ಹಾಕಿಸಿಕೊಂಡವರು ನಮ್ಮ ಬಳಗದಲ್ಲಿ ಬೇಕಾದಷ್ಟು ಇದ್ದರು, ನಮಗೆ ಅದು ಹೊಸದಲ್ಲ. ಹೊಸದಾದದ್ದು ಆಮೇಲಿನದು. ಅಪ್ಪನ ಗಾಯ ಒಣಗಲಿಲ್ಲ. ಅಂಗಿ ತೆಗೆದಾಗೆಲ್ಲ ಆ ಮೂರು ಗೆರೆಗಳಿಂದ ರಕ್ತ ಜಿನುಗುತ್ತಿತ್ತು. ಅರಿಸಿನ ಮೆತ್ತಿದರೆ ಅರಿಸಿನವನ್ನೇ ತೋಯಿಸಿಕೊಂಡು ಹೊರಗೆ ಬರುತ್ತಿತ್ತು. ಬಳ್ಳಾರಿಗೆ ವಾಪಸು ಬರುವಾಗ ಬಸ್ಸು ತೆಕ್ಕಲಕೋಟೆಯಲ್ಲಿ ನಿಂತಿತು. ಅಪ್ಪನ ಪಕ್ಕದಲ್ಲಿ ಕೂತಿದ್ದ ಹೆಂಗಸು ಅವನ ಅಂಗಿಯ ಕಲೆ ನೋಡಿ, ತನ್ನ ಕೂಸನ್ನು ಎತ್ತಿಕೊಂಡು ಹಿಂದಿನ ಸೀಟಿಗೆ ಹೋದಳು.

ಬ್ರೂಸ್‌ಪೇಟೆಯಲ್ಲಿ ಒಬ್ಬ ಡಾಕ್ಟರ ದವಾಖಾನೆ ಇತ್ತು. ಅವ್ವ ಹಟ ಹಿಡಿದು ಅಪ್ಪನನ್ನು ಅಲ್ಲಿಗೆ ಕರೆದೊಯ್ದಳು. ಅಪ್ಪ ಕೈ ಚಾಚಿದ. ಡಾಕ್ಟರು ಕೈಯ ಕಡೆ ನೋಡದೆ, "ಏನ್ ತ್ರಾಸ ಐತ್ರಿ?" ಎಂದು ಕೇಳಿದರು. ಅಪ್ಪ ಕೈಯನ್ನು ಇನ್ನಷ್ಟು ಮುಂದಕ್ಕೆ ಚಾಚಿದ. ಎಷ್ಟು ದಿನದಿಂದ, ಜ್ವರ ಬರುತ್ತದೆಯೇ, ಊಟ ಸೇರುತ್ತದೆಯೇ ಎಂದು ಕೇಳಿದರು. ಎಲ್ಲಕ್ಕೂ ಅವ್ವ ಬಾಗಿಲ ಮರೆಯಿಂದ ಉತ್ತರ ಕೊಟ್ಟಳು. ಆಮೇಲೆ ಅವರು ಅಪ್ಪನ ಬೆರಳು ಚುಚ್ಚಿ, ಒಂದು ಹನಿ ರಕ್ತವನ್ನು ಗಾಜಿನ ಮೇಲೆ ಸವರಿ ಒಳಗೆ ತೆಗೆದುಕೊಂಡು ಹೋದರು. ಬಹಳ ಹೊತ್ತು ಬರಲಿಲ್ಲ. ಬಂದವರು ಇನ್ನೊಂದು ಬೆರಳು ಚುಚ್ಚಿ ಮತ್ತೆ ಒಳಗೆ ಹೋದರು. ಎರಡನೆಯ ಸಲ ಹೊರಗೆ ಬಂದಾಗ ಅವರು ಅಪ್ಪನ ಮುಖ ನೋಡಲಿಲ್ಲ.

"ರಕ್ತದಾಗ ಬಿಳಿ ಕಣ ಇರತಾವ್ರಿ. ನಿಮ್ಮ ರಕ್ತದಾಗ ಅವು ಮಿತಿಮೀರಿ ಬೆಳದಾವ. ಅದಕ್ಕ ಗಡ್ಡಿ ಬೆಳದೈತಿ. ಜ್ವರದ ಗಡ್ಡಿ ಅಲ್ಲ ಇದು" ಎಂದರು. ಆಮೇಲೆ ಅದರ ಹೆಸರು ಹೇಳಿದರು, ಲ್ಯುಕೇಮಿಯಾ. "ಇದರಾಗ ಬಿರುಸಿಂದೊಂದು, ನಿಧಾನದ್ದೊಂದು ಇರತೈತಿ. ನಿಮ್ಮದು ನಿಧಾನದ್ದು."

"ನಿಧಾನದ್ದು ಅಂದ್ರ ಒಳ್ಳೇದಲ್ರಿ?" ಅಪ್ಪ ಮೊದಲ ಸಲ ಬಾಯಿ ತೆರೆದ.

"ನಿಧಾನದ್ದು ಅಂದ್ರ ನಿಧಾನದ್ದು, ಅಷ್ಟ."

ಔಷಧ ಏನು ಎಂದು ಅವ್ವ ಕೇಳಿದಳು. ಅವರು ಮುಚ್ಚುಮರೆ ಮಾಡಲಿಲ್ಲ. ಈ ರೋಗವನ್ನು ಓದಿದ್ದೇನೆ, ಕಣ್ಣಾರೆ ಕಂಡದ್ದು ಇಲ್ಲವೆಂಬಷ್ಟು ಕಡಿಮೆ, ಇದನ್ನು ಹತ್ತಾರು ಸಲ ಕಂಡವರ ಕೈಗೆ ನೀವು ಬೀಳಬೇಕು ಎಂದರು. ಅಂಥವರೊಬ್ಬರು ಮದ್ರಾಸಿನ ದೊಡ್ಡ ಆಸ್ಪತ್ರೆಯಲ್ಲಿದ್ದಾರೆ, ರಕ್ತದ ರೋಗವನ್ನೇ ಓದಿದವರು, ನಮ್ಮ ಕುರುಗೋಡಿನವರೇ ಎಂದೂ ಹೇಳಿದರು.

ದಾರಿಯಲ್ಲಿ ಅಪ್ಪ ಉರಿದುಬಿದ್ದ. "ಮಾಲು ಗೊತ್ತಿಲ್ದಾಂವ. ಕೇಳಿ ಕೇಳಿ ಹೇಳೋದಾದ್ರ ನಾನೂ ಹೇಳತೀನಿ. ಎರಡು ಸಲ ಬೆರಳು ಚುಚ್ಚಿ ಕಡೀಕ ಮದ್ರಾಸಿಗೆ ಹೋಗು ಅಂತಾನ." ನನಗೂ ಆಗ ಅದೇ ಸರಿ ಅನ್ನಿಸಿತು. ನನಗೆ ಗೊತ್ತಿಲ್ಲ ಎನ್ನುವ ಡಾಕ್ಟರನ್ನು ನಂಬುವುದು ಹೇಗೆ? ಅವ್ವ ಮಾತ್ರ ನಂಬಿದ್ದಳು. ಅವಳು ಆ ಡಾಕ್ಟರ ಕಣ್ಣು ನೋಡಿದ್ದಳು.

ಅಪ್ಪ ಮದ್ರಾಸಿಗೆ ಹೊರಡಲಿಲ್ಲ. ಮಾತು ಬಾರದ ಊರಿಗೆ ಹೋಗಿ ಮಲಗುವುದೇ ಎಂದ. ಬದಲಿಗೆ ನಾಡಿ ಹಿಡಿದು ಹೇಳುವವರನ್ನು ಹುಡುಕಿಕೊಂಡು ತಿರುಗಿದ. ಬಳ್ಳಾರಿಯಲ್ಲಿ ಅಂಥವರಿಗೇನು ಬರಗಾಲವೇ? ಒಬ್ಬರು ಉಷ್ಣ ಎಂದರು, ಒಬ್ಬರು ವಾಯು ಎಂದರು. ಒಬ್ಬ ಹಕೀಮರು ಹಳೆಯ ಚಿಂತೆ ಎಂದರು. ಎಲ್ಲರೂ ಕೇಳದೆ ಹೇಳಿದರು, ಎಲ್ಲರನ್ನೂ ಅಪ್ಪ ಮೆಚ್ಚಿಕೊಂಡ. ಗಡ್ಡೆ ಹೊಕ್ಕುಳದವರೆಗೆ ಇಳಿಯಿತು. ಅವ್ವ ದೇವರಿಗೆ ಕೈ ಮುಗಿಯುವಾಗ ಕುರುಗೋಡಿನ ಡಾಕ್ಟರು ಒಮ್ಮೆ ಊರಿಗೆ ಬರಲಿ ಎಂದು ಗಟ್ಟಿಯಾಗಿಯೇ ಬೇಡಿಕೊಳ್ಳುತ್ತಿದ್ದಳು. ಅಪ್ಪನಿಗೆ ಕೇಳಲಿ ಎಂದೇ ಗಟ್ಟಿಯಾಗಿ.

ಹತ್ತಿ ಬಿಡಿಸುವ ಕಾಲ ಮುಗಿಯುತ್ತ ಬಂದಿತ್ತು. ಒಂದು ಮಧ್ಯಾಹ್ನ ಅಪ್ಪ ಮಂಡಿಯಿಂದ ಬೇಗ ಬಂದು ಪಡಸಾಲೆಯಲ್ಲಿ ಕೂತ. ಕುರುಗೋಡಿನ ಹಳೆಯ ಹತ್ತಿ ವ್ಯಾಪಾರಿಯೊಬ್ಬರು ತೀರಿಕೊಂಡರಂತೆ. ಎಷ್ಟೋ ವರ್ಷ ಅವರ ಕೈಯೂ ಅಪ್ಪನ ಕೈಯೂ ಒಂದೇ ವಲ್ಲಿಯ ಕೆಳಗೆ ಇದ್ದವು. ಅವರ ಮಗ ಮದ್ರಾಸಿನಲ್ಲಿ ಓದುತ್ತಾನೆ ಎಂದಷ್ಟೇ ಕೇಳಿದ್ದ ಅಪ್ಪನಿಗೆ, ಆ ಡಾಕ್ಟರು ಅವನೇ ಎಂದು ತಿಳಿದದ್ದು ಅಂದು. ಮಗ ಬಂದಿದ್ದಾನೆ, ತಿಥಿ ಮುಗಿಯುವವರೆಗೆ ಇರುತ್ತಾನೆ ಎಂದು ಹೇಳಿ ಅಪ್ಪ ನೀರು ಕೇಳಿದ.

ಅವ್ವ ತಂಬಿಗೆ ಹಿಡಿದು ನಿಂತೇ ಇದ್ದಳು. ಆಮೇಲೆ ಒಲೆಯ ಮುಂದೆ ಕೂತು ಅತ್ತಳು. "ಅವರು ಊರಿಗೆ ಬರ್ಲಿ ಅಂತ ದೇವರಿಗೆ ಬೇಡಿದ್ದೆ. ಹಿಂಗ ಬರ್ಲಿ ಅಂತ ಬೇಡಿದ್ದಿಲ್ಲ" ಎಂದಳು ನನಗೆ. ಸೂತಕದ ಮನೆಗೆ ರೋಗಿಯನ್ನು ಕರೆದೊಯ್ಯಬಾರದು ಎನ್ನುವುದು ಅವಳಿಗೆ ಗೊತ್ತಿತ್ತು, ಅಕ್ಕಪಕ್ಕದವರೂ ಮತ್ತೆ ಮತ್ತೆ ನೆನಪು ಮಾಡಿದರು. ಆದರೆ ಅಪ್ಪ ತಾನಾಗಿ ಹೊರಟು ನಿಂತದ್ದು ಅದೊಂದೇ ಸಲ. ಹಳೆಯ ವ್ಯಾಪಾರಿಯ ಮನೆಗೆ ಮಾತಾಡಿಸಿ ಬರಲು ಹೋಗುತ್ತೇನೆ, ಡಾಕ್ಟರನ್ನು ನೋಡಲು ಅಲ್ಲ ಎಂದ. ಅವ್ವ ಹೂಂ ಎಂದಳು.

ಕುರುಗೋಡಿನಲ್ಲಿ ಗುಡ್ಡದ ಕಲ್ಲುಗಳು ಬೆಳಗಿನಿಂದಲೇ ಕಾದಿದ್ದವು. ಆ ಮನೆಯ ಪಡಸಾಲೆಯ ಮೂಲೆಯಲ್ಲಿ, ಜೀವ ಹೋದ ಜಾಗದಲ್ಲಿ ದೀಪ ಇಟ್ಟಿದ್ದರು. ಡಾಕ್ಟರು ತಲೆ ಬೋಳಿಸಿಕೊಂಡು, ಒಂದು ಪಂಚೆ ಉಟ್ಟು, ಚಾಪೆಯ ಮೇಲೆ ಕೂತಿದ್ದರು. ನಾನು ಮದ್ರಾಸಿನ ಡಾಕ್ಟರೆಂದರೆ ಕೋಟು, ಬೂಟು ಎಂದುಕೊಂಡಿದ್ದೆ. ಅವರ ಬಳಿ ಎದೆ ನೋಡುವ ಕೊಳವೆಯೂ ಇರಲಿಲ್ಲ, ಸೂಜಿಯೂ ಇರಲಿಲ್ಲ. ತಂದೆಯ ಸಾವಿಗೆ ಬರಿಗೈಯಲ್ಲಿ ಓಡಿ ಬಂದಿದ್ದರು.

ಅಪ್ಪ ಸತ್ತವರ ಮಾತಾಡಿದ. ಅವರ ಕೈ ಹೇಗಿತ್ತು, ಎಂಥ ಎಳೆಯನ್ನೂ ಕತ್ತಲಲ್ಲೇ ಹೇಗೆ ಗುರುತಿಸುತ್ತಿದ್ದರು ಎಂದೆಲ್ಲ. ಡಾಕ್ಟರು ಕೇಳುತ್ತ ಅಪ್ಪನನ್ನೇ ನೋಡುತ್ತಿದ್ದರು. ಆಮೇಲೆ ಎದ್ದು ಹತ್ತಿರ ಬಂದು, "ಕಾಕಾ, ಒಂದೀಟು ಮಲಕ್ಕೋ" ಎಂದರು. ಏನೂ ಕೇಳಲಿಲ್ಲ. ಅಪ್ಪ ಚಾಪೆಯ ಮೇಲೆ ಮಲಗಿದ. ಅವರು ರೆಪ್ಪೆ ಇಳಿಸಿ ನೋಡಿದರು, ಕುತ್ತಿಗೆ ಮುಟ್ಟಿದರು, ಕಾಲಿನ ಮೂಳೆ ಒತ್ತಿದರು. ಬರೆಯ ಮೂರು ಗೆರೆಗಳ ಮೇಲೆ ಬೆರಳಾಡಿಸಿ ಒಂದು ಕ್ಷಣ ನಿಲ್ಲಿಸಿದರು. ಗಡ್ಡೆಯ ಅಂಚನ್ನು ಮೇಲಿನಿಂದ ಕೆಳಗಿನವರೆಗೆ ಬೆರಳ ತುದಿಯಲ್ಲಿ ಹುಡುಕಿಕೊಂಡು ಹೋದರು.

"ಅರ್ಧ ರೊಟ್ಟಿಗೇ ಹೊಟ್ಟಿ ತುಂಬತೈತಿ" ಎಂದರು. "ರಾತ್ರಿ ಬೆವರು. ಎಡಗಡೆ ಹೊಳ್ಳಿ ಮಲಗಾಕ ಆಗೂದಿಲ್ಲ. ನಿಂತ್ರ ಕಾಲು ಭಾರ. ಬರೀ ಹಾಕಿಸ್ಕೊಂಡ ಮ್ಯಾಲ ರಕ್ತ ನಿಂತಿಲ್ಲ."

ಅಪ್ಪ ಎದ್ದು ಕೂತ. ಅವನ ಮುಖದಲ್ಲಿ ಅಂಥ ಸಂತೋಷವನ್ನು ನಾನು ಎಷ್ಟೋ ತಿಂಗಳಿಂದ ಕಂಡಿರಲಿಲ್ಲ. ಹುಡುಕುತ್ತಿದ್ದ ವೈದ್ಯ ಕೊನೆಗೂ ಸಿಕ್ಕಿದ್ದ. ಅವ್ವನ ಕಡೆ ತಿರುಗಿ, ನೋಡಿದೆಯಾ ಎನ್ನುವಂತೆ ಹುಬ್ಬು ಹಾರಿಸಿದ. ಬ್ರೂಸ್‌ಪೇಟೆಯ ಡಾಕ್ಟರು ಹೇಳಿದ್ದ ಹೆಸರನ್ನೇ ಇವರೂ ಹೇಳಿದರು. ಈಗ ಆ ಹೆಸರನ್ನು ಅಪ್ಪ ನಂಬಲೇಬೇಕಾಯಿತು. ಅವನು ನಂಬಿದ ಗಳಿಗೆಯಲ್ಲೇ ನಾನೂ ನಂಬಿದೆ.

ಮದ್ರಾಸಿಗೆ ಬನ್ನಿ, ಅಲ್ಲಿ ಕಿರಣ ಬಿಟ್ಟು ಗಡ್ಡೆ ಕರಗಿಸುವ ಯಂತ್ರವಿದೆ, ಕುಡಿಯಲು ಔಷಧವೂ ಇದೆ ಎಂದು ಡಾಕ್ಟರು ಹೇಳಿದರು. "ಗಡ್ಡಿ ಸಣ್ಣದಾಗತೈತಿ ಕಾಕಾ. ಉಂಡದ್ದು ಮೈಗೆ ಹತ್ತತೈತಿ. ಆದ್ರ ರಕ್ತದಾಗಿಂದು ಹೋಗೂದಿಲ್ಲ. ಅದು ಅಲ್ಲೇ ಇರತೈತಿ."

"ಎಷ್ಟು ದಿನ ಸುಮ್ನ ಇರತೈತಿ?"

ಡಾಕ್ಟರು ನಮ್ಮ ಕಡೆ ನೋಡಿದರು. ಅಪ್ಪ ಅದನ್ನು ಗಮನಿಸಿದ. ಹೆಗಲಿನ ವಲ್ಲಿ ತೆಗೆದು ತನ್ನ ಬಲಗೈ ಮೇಲೆ ಹಾಕಿಕೊಂಡು ಮುಂದೆ ಚಾಚಿದ.

"ನಿಮ್ಮಪ್ಪ ನಿನಗ ಕಲಿಸಿರಬೇಕಲ್ಲ" ಎಂದ. "ವರ್ಷದ ಲೆಕ್ಕ."

ಅವರು ಹತ್ತಿ ವ್ಯಾಪಾರಿಯ ಮಗ. ಚಾಪೆಯ ಮೇಲೆ ಹತ್ತಿರ ಸರಿದು ವಲ್ಲಿಯ ಕೆಳಗೆ ಕೈ ತೂರಿಸಿದರು. ನಾನೂ ಅವ್ವನೂ ಆ ಬಟ್ಟೆಯನ್ನೇ ನೋಡುತ್ತಿದ್ದೆವು. ಅದು ಒಂದು ಸಲ ಅಲುಗಿತು. ಅಪ್ಪನ ಮುಖದಲ್ಲಿ ಏನೂ ಬದಲಾಗಲಿಲ್ಲ. ದಲ್ಲಾಳಿಯ ಮುಖ ಬದಲಾಗುವುದಿಲ್ಲ, ಅದೇ ಅವನ ಕಸುಬು. ಅವನು ಕೈ ಕೊಡವಲಿಲ್ಲ. ವಲ್ಲಿ ತೆಗೆದು ಝಾಡಿಸಿ ಹೆಗಲಿಗೆ ಹಾಕಿಕೊಂಡ.

ಸಾವಿನ ಮನೆಯಿಂದ ಹೊರಡುವಾಗ ಹೋಗಿಬರುತ್ತೇವೆ ಎನ್ನಬಾರದು. ಮನೆಯವರೂ ಬನ್ನಿ ಎನ್ನಬಾರದು. ನಾವು ಏನೂ ಹೇಳದೆ ಎದ್ದು ಮೆಟ್ಟಿಲಿಳಿದೆವು. ಡಾಕ್ಟರು ಬಾಗಿಲವರೆಗೆ ಬಂದು ನಿಂತರು, ಬನ್ನಿ ಎನ್ನಲಿಲ್ಲ. ಅದು ಬರೀ ರೂಢಿ ಎಂದು ನನಗೆ ಗೊತ್ತಿತ್ತು. ಆದರೂ ಅವ್ವ ಬಸ್ಸಿನ ತನಕ ತಿರುತಿರುಗಿ ಹಿಂದೆ ನೋಡುತ್ತಿದ್ದಳು, ಯಾರಾದರೂ ಕರೆದು ಮತ್ತೆ ಬನ್ನಿ ಎಂದಾರೇನೋ ಎಂಬಂತೆ.

ಬಸ್ಸಿನಲ್ಲಿ ಅವ್ವ ಕೇಳಿದಳು. "ಎಷ್ಟು ಅಂದ್ರು?"

"ವಲ್ಲಿ ಕೆಳಗಿಂದು ಮೂರನೇದವ್ರಿಗೆ ಹೇಳೂದಿಲ್ಲ."

"ನಾ ಮೂರನೇದಾಕಿ ಏನ್ರಿ?"

ಅಪ್ಪ ಕಿಟಕಿಯ ಹೊರಗೆ ನೋಡಿದ. ಬಿಡಿಸಿ ಮುಗಿಸಿದ ಹತ್ತಿ ಹೊಲಗಳಲ್ಲಿ ಒಣ ಕಡ್ಡಿ ನಿಂತಿತ್ತು.

ಅಂದು ಸಂಜೆ ಮನೆಯಲ್ಲಿ ಅವ್ವ ಗೂಟದ ಮೇಲಿನ ವಲ್ಲಿಯನ್ನು ತಾನೇ ತಂದು ಅಪ್ಪನ ಮುಂದೆ ಕೂತಳು. ಮದುವೆಯಾದ ಹೊಸತರಲ್ಲಿ ಅಪ್ಪ ಅವಳಿಗೆ ಆ ಬೆರಳ ಲೆಕ್ಕ ಕಲಿಸಿದ್ದನಂತೆ. ಅತ್ತೆ ಮಾವನ ಮುಂದೆ ಗಂಡ ಹೆಂಡತಿ ಮಾತಾಡುವಂತಿಲ್ಲದ ಮನೆಯಲ್ಲಿ ಅವರ ಮಾತೆಲ್ಲ ವಲ್ಲಿಯ ಕೆಳಗೇ ನಡೆಯುತ್ತಿತ್ತಂತೆ. ಅಪ್ಪ ನಕ್ಕು ಕೈ ಕೊಟ್ಟ. ಬಟ್ಟೆ ಅಲುಗಿತು. ಅವ್ವ ಅವನ ಮುಖವನ್ನೇ ನೋಡುತ್ತ ಕೂತು, ಆಮೇಲೆ ಕೈ ಒತ್ತಿದಳು. ಒಳಗೆ ಬಂದು, "ಐದು ವರ್ಷ" ಎಂದಳು ನನಗೆ. "ಪೂರ್ತಿ ಕೈ ಹಿಡದ್ರು." ಅಂದು ಸಿಹಿಗೆ ಸಜ್ಜಕ ಮಾಡಿದಳು. ನಾನು ಎರಡು ಸಲ ಹಾಕಿಸಿಕೊಂಡು ತಿಂದೆ. ಐದು ವರ್ಷ ಎಂದರೆ ನನಗೆ ಆಗ ಮುಗಿಯದಷ್ಟು ಕಾಲ.

ಅಪ್ಪ ಅವ್ವ ಮದ್ರಾಸಿಗೆ ಹೋದರು. ಅಲ್ಲಿ ಅಪ್ಪನನ್ನು ಯಂತ್ರದ ಕೆಳಗೆ ಮಲಗಿಸಿದರು. ಗಡ್ಡೆ ಪಕ್ಕೆಲುಬಿನ ಕೆಳಗೆ ಸರಿಯಿತು. ಅಪ್ಪ ಎರಡು ರೊಟ್ಟಿ ತಿಂದು ಮೂರನೆಯದಕ್ಕೆ ಕೈ ಚಾಚುತ್ತಿದ್ದ. ಓಣಿಯವರು ಡಾಕ್ಟರೆಂದರೆ ಅವರೇ ಡಾಕ್ಟರು ಎಂದರು. ಎಲ್ಲ ಸರಿಹೋಯಿತು ಎಂದು ನಂಬಲು ನನಗೆ ಆಸೆಯಿತ್ತು. ಅಪ್ಪನೇ ಬಿಡಲಿಲ್ಲ. ಯಾರೋ ಹಿಂದಿನಿಂದ ದೂಡುತ್ತಿದ್ದಾರೆ ಎಂಬಂತೆ ಓಡಾಡತೊಡಗಿದ. ಮಂಡಿಯ ತನ್ನ ಜಾಗವನ್ನು ತಮ್ಮನ ಮಗನಿಗೆ ಬಿಟ್ಟುಕೊಟ್ಟ. ಸೋರುತ್ತಿದ್ದ ಮಾಳಿಗೆಗೆ ಬೇಸಿಗೆಗೆ ಮೊದಲೇ ಮಣ್ಣು ಹಾಕಿಸಿದ. ಹೊಸ ಚಪ್ಪಲಿ ಹೊಲಿಸಿಕೊಳ್ಳಿ ಎಂದು ಅವ್ವ ಹೇಳಿದರೆ, ಹಳೆಯವೇ ಸಾಕು ಎಂದ. ಆಮೇಲೆ ನನಗೆ ಗಂಡು ಹುಡುಕಿದ.

ನಾನು ರಂಪ ಮಾಡಿದೆ. "ಐದು ವರ್ಷ ಐತಲ್ಲ, ಈಗಲೇ ಯಾಕ ನನ್ನ ಅಟ್ಟತೀ?" ಎಂದು ಪಡಸಾಲೆಯಲ್ಲಿ ನಿಂತು ಕೂಗಿದೆ.

ಅಪ್ಪ ಸಿಟ್ಟಾಗಲಿಲ್ಲ. ಅವನು ಸಿಟ್ಟಾಗದ್ದನ್ನು ಕಂಡು ನನಗೆ ದಿಗಿಲಾಯಿತು. "ಬಿಡಿಸಿದ ಹತ್ತೀನ ಬಯಲಾಗ ಇಡಬಾರದು ಮಗಳ" ಎಂದ. ಅವ್ವ ಅಡುಗೆಮನೆಯಿಂದ ಹೊರಗೆ ಬಂದು ನನ್ನನ್ನು ಸಮಾಧಾನ ಮಾಡುತ್ತಾಳೆ ಎಂದುಕೊಂಡೆ. ಅವಳು ಅಪ್ಪನ ಪಕ್ಕಕ್ಕೆ ಹೋಗಿ ನಿಂತು, "ಅವರು ಹೇಳಿದಂಗ ಕೇಳು" ಎಂದಳು.

ಮದುವೆಯ ದಿನ ಧಾರೆಯ ನೀರಿಗೆ ಅಪ್ಪ ಕೈ ಹಿಡಿದಾಗ ಅವನ ಮುಂಗೈ ತುಂಬ ನೇರಳೆ ಬಣ್ಣದ ಕಲೆಗಳಿದ್ದವು. ಎಲ್ಲಿಯೂ ಪೆಟ್ಟು ಬಿದ್ದಿರಲಿಲ್ಲ. ಅವ್ವ ಸೆರಗನ್ನು ಅಡ್ಡ ಹಿಡಿದು ಬೀಗರ ಕಣ್ಣಿನಿಂದ ಅದನ್ನು ಮರೆಮಾಡಿದಳು. ಮುಂದಿನ ಹತ್ತಿ ಮಂಡಿಗೆ ಬರುವ ಮೊದಲೇ ಗಡ್ಡೆ ಮತ್ತೆ ಕೆಳಗಿಳಿಯಿತು. ಈ ಸಲ ಯಂತ್ರಕ್ಕೂ ಅದು ಬಗ್ಗಲಿಲ್ಲ. ಒಸಡಿನಿಂದ ರಕ್ತ ಬಂತು, ಜ್ವರ ಬಿಡದಾಯಿತು. ಅಪ್ಪ ಸತ್ಯನಾರಾಯಣಪೇಟೆಯ ಮನೆಯಲ್ಲೇ, ನಾನು ಗಂಡನ ಮನೆಯಿಂದ ಬಂದು ಮುಟ್ಟುವ ಮೊದಲೇ ಹೋದ. ಐದು ವರ್ಷವಲ್ಲ, ಎರಡೂ ತುಂಬಿರಲಿಲ್ಲ.

ನನ್ನ ದುಃಖವೆಲ್ಲ ಆ ಕುರುಗೋಡಿನ ಡಾಕ್ಟರ ಮೇಲಿನ ಸಿಟ್ಟಾಯಿತು. ತಂದೆಯ ಕಸುಬಿನ ಮರ್ಯಾದೆಯನ್ನೂ ಉಳಿಸದೆ ಬೆರಳಲ್ಲಿ ಸುಳ್ಳು ಹೇಳಿದ ಮನುಷ್ಯ ಎಂದು ಕಂಡಕಂಡವರ ಮುಂದೆ ಬೈದೆ. ಎಷ್ಟೋ ವರ್ಷ ಬೈದೆ. ಅವ್ವ ಕೇಳಿಸಿಕೊಂಡು ತನ್ನ ಕೆಲಸ ಮುಂದುವರಿಸುತ್ತಿದ್ದಳು. ಒಮ್ಮೆ ಅವಳು ನನ್ನ ಮನೆಗೆ ಬಂದಾಗ, ಜೋಳ ಹಸನು ಮಾಡುತ್ತ ಕೂತಿದ್ದೆವು. ನಾನು ಮತ್ತೆ ಅದೇ ರಾಗ ತೆಗೆದೆ. ಅವ್ವ ಮೊರ ಕೆಳಗಿಟ್ಟಳು.

"ಆ ಡಾಕ್ಟರಿಗೆ ಯಾಕ ಬೈತೀ? ಅವರು ಖರೇನ ಹೇಳಿರಬೇಕು. ಸುಳ್ಳು ಹೇಳಿದವ್ರು ನಿಮ್ಮಪ್ಪ, ನನ್ನ ಕೈಯಾಗ."

"ನಿನಗ ಹೆಂಗ ಗೊತ್ತು?" ಎಂದೆ.

"ಮೊದಲು ಎರಡು ಬೆರಳು ಮುಟ್ಟಿದ್ರು. ಆಮ್ಯಾಲ ನನ್ನ ಮಾರಿ ನೋಡಿ ಪೂರ್ತಿ ಕೈ ಹಿಡಕೊಂಡ್ರು. ಒಮ್ಮೆ ಹಿಡದ ಬೆರಳು ಅವರು ತಾವಾಗಿ ಬದಲಿಸಿದ್ದು ನಾ ಎಂದೂ ಕಂಡಿದ್ದಿಲ್ಲ."

"ಗೊತ್ತಿದ್ದೂ ಯಾಕ ಒಪ್ಪಿದಿ ಅವ್ವಾ?"

ಅವ್ವ ಮೊರದಲ್ಲಿ ಉಳಿದಿದ್ದ ಕಲ್ಲೊಂದನ್ನು ಆರಿಸಿ ಪಕ್ಕಕ್ಕಿಟ್ಟಳು.

"ಕೈ ಕೊಡವಿದ್ರ ಅವರು ಇಳಿಸಬೇಕಾಗ್ತಿತ್ತಲ್ಲ" ಎಂದಳು.